ಅಪ್ಪನ ಡೈರಿಯಲ್ಲಿ ಬರೆಯದೆ ಉಳಿದದ್ದು

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಭಾರತದ ಸೇನೆಯಲ್ಲಿ ದುಡಿದವರ ಸಂಖ್ಯೆ ಸುಮಾರು 25 ಲಕ್ಷ. ದಕ್ಷಿಣದವರು ಕಾದಾಟಕ್ಕೆ ಹೇಳಿದವರಲ್ಲ ಎಂದು ಬಹುಕಾಲ ಬದಿಗಿಟ್ಟಿದ್ದ ಸರಕಾರ, ಯುದ್ಧ ಬಿಗಡಾಯಿಸಿದಂತೆ ಮದ್ರಾಸ್ ಪ್ರಾಂತದಲ್ಲೂ ದೊಡ್ಡ ಪ್ರಮಾಣದಲ್ಲಿ ಜನರನ್ನು ಭರ್ತಿ ಮಾಡಿಕೊಂಡಿತು. ಆಗ ನಮ್ಮ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಜಿಲ್ಲೆಯು ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ನೆರೆಯ ಕೊಡಗಿನ ಕಾರ್ಯಪ್ಪ, ತಿಮ್ಮಯ್ಯನವರ ಸೇನಾ ಜೀವನ ಪುಸ್ತಕಗಳಲ್ಲಿ ದಾಖಲಾಗಿದೆ. ಆದರೆ ಲಾರಿ ನಡೆಸಿದ, ಅಡುಗೆ ಬೇಯಿಸಿದ, ರಸ್ತೆ ಕಡಿದ ನಮ್ಮೂರಿನವರ ಚರಿತ್ರೆ ಇರುವುದಾದರೆ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಗಳಲ್ಲಿ ಮಾತ್ರ.

ನನ್ನ ತಂದೆಯವರು ಸೇನೆಗೆ ಸೇರಿದ್ದು 1942ರಲ್ಲಿ. ಕನ್ನಡ ಶಾಲೆಯಲ್ಲಿ ಎಂಟನೆಯ ತರಗತಿಯವರೆಗೆ ಓದಿದ್ದರು. ಸೇನೆಗೆ ಆಹಾರ, ಪೆಟ್ರೋಲು, ಮದ್ದುಗುಂಡು ಒದಗಿಸುತ್ತಿದ್ದ ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್‌ನಲ್ಲಿ ಅವರು ಲಾರಿ ಡ್ರೈವರ್. 1946ರಲ್ಲಿ ಊರಿಗೆ ಮರಳಿ ಅಡಿಕೆ ತೋಟ ನೋಡಿಕೊಂಡರು. ಯುದ್ಧದ ಮಾತೆತ್ತಿದರೆ, ತಾನು ಗುಂಡು ಹಾರಿಸಿದವನಲ್ಲ, ಗಾಡಿ ಓಡಿಸಿದವನು ಎಂದು ಮಾತು ಮುಗಿಸುತ್ತಿದ್ದರು. ಮನೆಯವರೆಲ್ಲ ಅದನ್ನೇ ನಂಬಿದ್ದೆವು. ಅವರು ಬಿಟ್ಟುಹೋದದ್ದು ಮೂರು ಫೋಟೋ, ಎರಡು ಪಾಕೆಟ್ ಡೈರಿ, ಕೆಲವು ಪದಕ.

ಶತ್ರುವಿನ ಕೈಗೆ ಸಿಕ್ಕೀತೆಂಬ ಕಾರಣಕ್ಕೆ ಯುದ್ಧರಂಗದಲ್ಲಿ ಸೈನಿಕರು ಡೈರಿ ಇಡುವಂತಿರಲಿಲ್ಲ. ಆದರೂ ಬರೆದವರು ಅನೇಕರು. ತಂದೆಯವರದು ಡೈರಿ ಎನ್ನುವುದಕ್ಕಿಂತ ಲೆಕ್ಕದ ಪುಸ್ತಕ: ಎಷ್ಟು ಮೈಲು ಓಟ, ಎಷ್ಟು ಪೆಟ್ರೋಲು, ಮನೆಗೆ ಎಷ್ಟು ಮನಿಯಾರ್ಡರು. ಬರವಣಿಗೆ ಕನ್ನಡದಲ್ಲಿ. ಅದರ ನಡುವೆ ಮನೆಯ ತುಳು, ಸೇನೆಯ ಹಿಂದೂಸ್ತಾನಿ, ಡೇರೆಯ ಜೊತೆಗಾರರಿಂದ ಬಂದ ಮಲಯಾಳ ಮಾತುಗಳು. ಊರಿನ ಹೆಸರು ಅಪರೂಪ. ಸೈನಿಕರ ಅಂಚೆಯಲ್ಲೂ ಊರಿನ ಹೆಸರಿನ ಬದಲು ಫೀಲ್ಡ್ ಪೋಸ್ಟ್ ಆಫೀಸಿನ ನಂಬರು ಮಾತ್ರ ಇರುತ್ತಿದ್ದುದರಿಂದ, ಮಗ ಎಲ್ಲಿದ್ದಾನೆಂದು ಅಜ್ಜಿಗೂ ಗೊತ್ತಿರಲಿಲ್ಲ.

ಮೊದಲ ಸುಳಿವು ದೊರೆತದ್ದು ಒಂದು ಫೋಟೋದಲ್ಲಿ. ತೋಳಿನ ಬಿಲ್ಲೆಯಲ್ಲಿ ವೃತ್ತದೊಳಗೆ ಒಂದು ಹುಂಜ. ಕೋಳಿ ಅಂಕದ ನಾಡಿನವರಾದ ನಾವು ಅದನ್ನು ಯಾರೋ ಗೆಳೆಯರ ತಮಾಷೆಯೆಂದೇ ತಿಳಿದಿದ್ದೆವು. ಹಳದಿ ವೃತ್ತದಲ್ಲಿ ಕೆಂಪು ಹುಂಜ 23ನೆಯ ಇಂಡಿಯನ್ ಡಿವಿಜನ್ನಿನ ಲಾಂಛನ. ಈ ಡಿವಿಜನ್ನು 1942ರಿಂದ ಮಣಿಪುರದ ಗಡಿಯಲ್ಲಿತ್ತು. ಜಪಾನೀಯರು 1944ರ ಮಾರ್ಚ್ ಕೊನೆಗೆ ಕೊಹಿಮಾ–ಇಂಫಾಲ ರಸ್ತೆಯನ್ನು ಕಡಿದರು. ಅದು ಮತ್ತೆ ತೆರೆದದ್ದು ಜೂನ್ 22ರಂದು. ಆ ಸುಮಾರು ಮೂರು ತಿಂಗಳು ಇಂಫಾಲಕ್ಕೆ ಬೇಕಾದದ್ದೆಲ್ಲ ವಿಮಾನದಲ್ಲೇ ಬರಬೇಕಾಗಿತ್ತು. ಸೈನಿಕರ ಪಡಿ ಕಡಿತವಾಯಿತು. 1944ರ ಡೈರಿಯನ್ನು ಇದರ ಪಕ್ಕದಲ್ಲಿಟ್ಟು ಓದಿದಾಗ ಒಣ ಲೆಕ್ಕಕ್ಕೆ ಜೀವ ಬಂತು. ಏಪ್ರಿಲ್‌ನಿಂದ ಓಟದ ಮೈಲುಗಳು ಕುಗ್ಗುತ್ತವೆ, ಅಕ್ಕಿ ಕಡಿಮೆಯಾದುದರ ಉಲ್ಲೇಖ ಬರುತ್ತದೆ, ಮನಿಯಾರ್ಡರು ನಿಂತುಹೋಗುತ್ತದೆ. ಜೂನ್ ಕೊನೆಯ ವಾರದಲ್ಲಿ ದೂರದ ಓಟ ಮತ್ತೆ ಆರಂಭ. ಬಂದೂಕು ಹಿಡಿದವನಿಗೂ ಸ್ಟಿಯರಿಂಗ್ ಹಿಡಿದವನಿಗೂ ಆ ಮುತ್ತಿಗೆ ಒಂದೇ ಆಗಿತ್ತು.

ಎರಡನೆಯ ಸುಳಿವು ಒಂದು ಪದಕ. ಬರ್ಮಾ ಸ್ಟಾರ್ ಹಲವು ಮನೆಗಳಲ್ಲಿದೆ. ಇದು ಬೇರೆ: ನೇರಳೆ ರಿಬ್ಬನ್, ನಡುವೆ ಹಸಿರು ಪಟ್ಟೆ, ಮೇಲಿನ ಅಡ್ಡಪಟ್ಟಿಯಲ್ಲಿ ‘ಎಸ್.ಇ. ಏಷ್ಯಾ 1945-46’ ಎಂಬ ಇಂಗ್ಲಿಷ್ ಬರಹ. ಅಂಚಿನಲ್ಲಿ ತಂದೆಯವರ ಸೇವಾ ಸಂಖ್ಯೆ, ಹೆಸರು, ದಳ. ಜಪಾನ್ 1945ರ ಆಗಸ್ಟಿನಲ್ಲೇ ಶರಣಾಗಿತ್ತು. ಹಾಗಾದರೆ 1946ರವರೆಗೆ ಯಾವ ಯುದ್ಧ? ಈ ಪಟ್ಟಿ ಸಲ್ಲುತ್ತಿದ್ದುದು ಯುದ್ಧ ಮುಗಿದ ಮೇಲೆ ಜಾವಾ, ಸುಮಾತ್ರಾ, ಇಂಡೋಚೈನಾಗಳಲ್ಲಿ ಸೇವೆ ಸಲ್ಲಿಸಿದವರಿಗೆ. ಇನ್ನೊಂದು ಫೋಟೋದ ಬೆನ್ನಿಗೆ ಯಾರೋ ಜೊತೆಗಾರ ಮಲಯಾಳದಲ್ಲಿ ಎರಡು ಶಬ್ದ ಗೀಚಿದ್ದ. ಓದಿಕೊಟ್ಟವಳು ನನ್ನ ಮೊಮ್ಮಗಳು: ‘ಬಟಾವಿಯ, 1946’. ಬಟಾವಿಯ ಎಂದರೆ ಇಂದಿನ ಜಕಾರ್ತ.

ಇಂಡೋನೇಷ್ಯದ ನಾಯಕರು 1945ರ ಆಗಸ್ಟ್ 17ರಂದು ಸ್ವಾತಂತ್ರ್ಯ ಘೋಷಿಸಿದ್ದರು. ಜಪಾನೀಯರ ಶಸ್ತ್ರ ಇಳಿಸಲು, ಸೆರೆಯಲ್ಲಿದ್ದ ಡಚ್ಚರನ್ನು ಬಿಡಿಸಲು ಬಂದ ಬ್ರಿಟಿಷ್ ಪಡೆಗಳ ಬೆನ್ನಿಗೇ ಡಚ್ ಆಳ್ವಿಕೆ ಮರಳುತ್ತದೆಂದು ಅಲ್ಲಿನ ಜನ ಶಂಕಿಸಿದರು. ಆ ಪಡೆಗಳಲ್ಲಿ ಬಹುಪಾಲು ಭಾರತೀಯರು. 23ನೆಯ ಡಿವಿಜನ್ನಿನ 49ನೆಯ ಬ್ರಿಗೇಡು ಅಕ್ಟೋಬರ್ 25ರಂದು ಸುರಬಾಯ ಬಂದರಿನಲ್ಲಿಳಿಯಿತು. 28ರಂದು ನಗರದ ತುಂಬ ಕಾಳಗ. ಡಚ್ ಹೆಂಗಸರು ಮಕ್ಕಳನ್ನು ಸಾಗಿಸುತ್ತಿದ್ದ ಲಾರಿಗಳೂ ದಾಳಿಗೊಳಗಾದವು. 30ರಂದು ಬ್ರಿಗೇಡಿಯರ್ ಮ್ಯಾಲಬಿ ಹತರಾದರು. ನವೆಂಬರ್ 10ರಿಂದ ಬ್ರಿಟಿಷರು ನಗರವನ್ನು ಹಡಗು, ವಿಮಾನಗಳಿಂದ ಜಜ್ಜಿದರು. ಇಂಡೋನೇಷ್ಯ ಆ ದಿನವನ್ನು ಇಂದಿಗೂ ವೀರರ ದಿನವಾಗಿ ಆಚರಿಸುತ್ತದೆ. ಪರರ ಬಿಡುಗಡೆಯ ಹೋರಾಟವನ್ನು ಹತ್ತಿಕ್ಕಲು ಭಾರತೀಯ ಸೈನಿಕರನ್ನು ಬಳಸಿದ್ದನ್ನು ನೆಹರೂ ಅವರು ಆಗಲೇ ಖಂಡಿಸಿದ್ದರು.

1945ರ ಡೈರಿಯ ಅಕ್ಟೋಬರ್ 26ರ ಪುಟದಲ್ಲಿ ‘ಸುರಬಾಯ’ ಎಂಬ ಒಂದೇ ಪದ. ಮುಂದಿನ ಹನ್ನೊಂದು ಪುಟಗಳು ಖಾಲಿ. ಆಮೇಲೆ ಹನ್ನೆರಡು ಮೈಲು ಓಟದ ಲೆಕ್ಕ. ಮುತ್ತಿಗೆಯ ಕಾಲದಲ್ಲೂ ಒಂದು ದಿನ ತಪ್ಪದೆ ಲೆಕ್ಕವಿಟ್ಟವರು ಇಲ್ಲಿ ಏಕೆ ಕೈ ಬಿಟ್ಟರು? ಗಾಯವೋ, ಭಯವೋ, ಅಥವಾ ತಮ್ಮ ನಾಡಿನಲ್ಲಿ ಜನ ಕೂಗುತ್ತಿದ್ದ ಮಾತನ್ನೇ ಎದುರು ಬೀದಿಯಲ್ಲಿ ಕೇಳಿದ್ದೋ? ಆ ಖಾಲಿ ಪುಟಗಳಲ್ಲಿ ನನ್ನ ಊಹೆಯನ್ನು ತುಂಬುವ ಹಕ್ಕು ನನಗಿಲ್ಲ. ಗಾಡಿ ಓಡಿಸಿದವನು ಎಂಬ ಮಾತು ವಿನಯದ್ದು ಮಾತ್ರವಲ್ಲ, ಬಾಗಿಲು ಮುಚ್ಚುವ ಮಾತೂ ಆಗಿರಬಹುದೆಂದು ಈಗ ಅನಿಸುತ್ತದೆ. ಅಪ್ಪನನ್ನು ವೀರನೆಂದು ಮೆರೆಸುವುದಕ್ಕಾಗಲಿ, ಅಪರಾಧಿಯೆಂದು ನಿಲ್ಲಿಸುವುದಕ್ಕಾಗಲಿ ನಾನು ಈ ಹುಡುಕಾಟಕ್ಕೆ ಇಳಿದವನಲ್ಲ.

ಇಂಥ ಪೆಟ್ಟಿಗೆ ನಿಮ್ಮ ಮನೆಯಲ್ಲೂ ಇರಬಹುದು. ಪದಕದ ಅಂಚನ್ನೂ ಫೋಟೋದ ಬೆನ್ನನ್ನೂ ಮೊದಲು ನೋಡಿ. ಸೇವಾ ಸಂಖ್ಯೆ ಸಿಕ್ಕಿದರೆ ಆಯಾ ದಳದ ದಾಖಲೆ ಕಚೇರಿಗೆ ಬರೆಯಬಹುದು. ಬರೆಯುವಾಗ ಈಗಿನ ವಿಳಾಸದ ಜೊತೆ ಹಳೆಯದನ್ನೂ ಕೊಡಿ: ಕಾಸರಗೋಡು ತಾಲೂಕು, ದಕ್ಷಿಣ ಕನ್ನಡ ಜಿಲ್ಲೆ, ಮದ್ರಾಸ್ ಪ್ರಾಂತ. ನಾವು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು, ಕಾಸರಗೋಡು ಜಿಲ್ಲೆಯಾದದ್ದು 1984ರಲ್ಲಿ. ಯುದ್ಧಕಾಲದ ಕಡತಕ್ಕೆ ಇವೆರಡೂ ತಿಳಿಯವು. ಮರಳಿ ಬಾರದವರ ಹೆಸರುಗಳನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಗಳಲ್ಲಿ ಹುಡುಕಬಹುದು.

ಇನ್ನೊಂದು ಕೆಲಸ ಇದಕ್ಕಿಂತ ತುರ್ತಿನದು. ಫೋಟೋದ ಬೆನ್ನಿನ ಮಲಯಾಳವನ್ನು ಸಲೀಸಾಗಿ ಓದಿದ ನನ್ನ ಮೊಮ್ಮಗಳಿಗೆ ಮುತ್ತಜ್ಜನ ಡೈರಿಯ ಒಂದು ಸಾಲೂ ಓದಲು ಬರುವುದಿಲ್ಲ. ಅವಳು ಶಾಲೆಯಲ್ಲಿ ಕನ್ನಡ ಕಲಿತಿಲ್ಲ. ನನಗೆ ಆ ಮಲಯಾಳ ಬರುವುದಿಲ್ಲ. ಒಬ್ಬನೇ ಮನುಷ್ಯನ ನಾಲ್ಕು ವರ್ಷಗಳನ್ನು ತಿಳಿಯಲು ನಾವಿಬ್ಬರೂ ಒಂದೇ ಮೇಜಿನ ಮುಂದೆ ಕೂರಬೇಕಾಯಿತು. ಈಗ ನಾನು ಓದಿ ಹೇಳುತ್ತೇನೆ, ಅವಳು ನೋಟುಬುಕ್ಕಿನಲ್ಲಿ ಮಲಯಾಳ ಲಿಪಿಯಲ್ಲಿ ಬರೆದುಕೊಳ್ಳುತ್ತಾಳೆ. ಎದುರು ಪುಟದಲ್ಲಿ ಕನ್ನಡ ಅಕ್ಷರ ತಿದ್ದುತ್ತಿದ್ದಾಳೆ. 1944ರ ಡೈರಿ ಮುಗಿದಿದೆ. ಮುಂದಿನದರಲ್ಲಿ ಆ ಹನ್ನೊಂದು ಪುಟಗಳನ್ನು ಖಾಲಿಯಾಗಿಯೇ ಬಿಡಬೇಕೆಂದು ಅವಳಿಗೆ ಹೇಳಿದ್ದೇನೆ.