ದುರ್ಗಾಬಾಯಿ ಕಟ್ಟಿದ ಅನುದಾನದ ದಾರಿ

ನಮ್ಮ ಹೈದರಾಬಾದಿನ ವಿದ್ಯಾನಗರದಲ್ಲಿ ದುರ್ಗಾಬಾಯಿ ದೇಶಮುಖ್ ಅವರ ಹೆಸರಿನ ಆಸ್ಪತ್ರೆ ನೋಡಿರುತ್ತೀರಿ. 1937ರಲ್ಲಿ ಮದರಾಸಿನಲ್ಲಿ ಆಂಧ್ರ ಮಹಿಳಾ ಸಭಾ ಕಟ್ಟಿದವರು ಅವರೇ. ನನಗೆ ಅಷ್ಟೇ ದೊಡ್ಡದಾಗಿ ಕಾಣುವುದು ಅವರ ಇನ್ನೊಂದು ಕೆಲಸ.

ಮೊದಲ ಪಂಚವಾರ್ಷಿಕ ಯೋಜನೆಯಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೆಂದು 4 ಕೋಟಿ ರೂಪಾಯಿ ತೆಗೆದಿಡಲಾಯಿತು. ಅದನ್ನು ಅನುದಾನವಾಗಿ ಹಂಚಲು 1953ರ ಆಗಸ್ಟ್‌ನಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಹುಟ್ಟಿತು. ದುರ್ಗಾಬಾಯಿ ಅದರ ಮೊದಲ ಅಧ್ಯಕ್ಷೆ. ಮರುವರ್ಷ ರಾಜ್ಯಗಳಲ್ಲೂ ಮಂಡಳಿಗಳಾದವು. ಸ್ಥಳೀಯ ಸಂಸ್ಥೆಗಳ ಅರ್ಜಿ ಪರಿಶೀಲಿಸಿ ಶಿಫಾರಸು ಮಾಡುವುದು ಅವುಗಳ ಕೆಲಸವಾಗಿತ್ತು. ಆ ಊರಿನ ಶಿಶುವಿಹಾರ, ಹೊಲಿಗೆ ತರಗತಿಗಳನ್ನು ಬಲ್ಲ ಸಮಾಜಸೇವಕಿಯರು ಅವುಗಳಲ್ಲಿದ್ದರು.

ಎಂಟನೇ ವಯಸ್ಸಿಗೇ ಮದುವೆಯಾಗಿದ್ದ ದುರ್ಗಾಬಾಯಿ ಆ ಬಂಧನದಿಂದ ಹೊರಬಂದು, ತಡವಾಗಿ ಮೆಟ್ರಿಕ್ ಮುಗಿಸಿದವರು. 1958ರಲ್ಲಿ ಮಂಡಳಿ, ಓದು ನಿಲ್ಲಿಸಿದ್ದ ಹೆಂಗಸರನ್ನು ಪರೀಕ್ಷೆಗೆ ತಯಾರು ಮಾಡುವ ಸಂಸ್ಥೆಗಳಿಗೂ ಹಣ ಕೊಡತೊಡಗಿತು.

2013ರ ಕಂಪನಿ ಕಾಯ್ದೆಯಿಂದಾಗಿ ಇಂದು ನಮ್ಮ ಐಟಿ ವಲಯದ ದೊಡ್ಡ ಕಂಪನಿಗಳೂ ಲಾಭದ ಶೇ. 2ರಷ್ಟನ್ನು ಸಮಾಜಕಾರ್ಯಕ್ಕೆ ಕೊಡಬೇಕು. ಆದರೆ ಇಂಗ್ಲಿಷಿನಲ್ಲಿ ಪ್ರಸ್ತಾವನೆ ಬರೆದು, ಲೆಕ್ಕಪತ್ರ ಜೋಡಿಸಿ ಕಳಿಸಲು ಸಣ್ಣ ಮಹಿಳಾ ಸಂಸ್ಥೆಗಳಲ್ಲಿ ಜನ ಸಾಲದು. ಕಚೇರಿಯಲ್ಲಿ ದಿನವೂ ಇದನ್ನೇ ಮಾಡುವ ನಾವು, ಗೆಳತಿಯರೇ, ಒಂದು ಭಾನುವಾರ ಅವರೊಡನೆ ಕೂರಬಾರದೇ?