ಬೆಂಗಳೂರು ಮಹಾಧರ್ಮಪ್ರಾಂತ್ಯ: ಪದವಿಯೂ ನುಡಿಯೂ

ಗ್ರಾಮ, ಹೋಬಳಿ, ತಾಲ್ಲೂಕು, ಜಿಲ್ಲೆ ಎಂಬ ಕಂದಾಯದ ಮೆಟ್ಟಿಲುಗಳನ್ನು ವಾಚಕರು ಬಲ್ಲರಷ್ಟೆ. ಕಥೋಲಿಕ ಸಭೆಯ ಆಡಳಿತದಲ್ಲಿಯೂ ಅಂಥ ಮೆಟ್ಟಿಲುಗಳುಂಟು. ಬೆಂಗಳೂರು ಅವನ್ನು ಏರಿದ ಬಗೆ ನಮ್ಮ ನಾಡಿನ ಚರಿತ್ರೆಗೂ ಸೇರಿದುದು. ನಮ್ಮ ನುಡಿಯ ಚರಿತ್ರೆಗೂ ಸೇರಿದುದು.

17ನೆಯ ಶತಮಾನದ ನಡುವಿನಲ್ಲಿ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡ ಕಲಿತು, ಧರ್ಮಬೋಧೆಗೆ ತೊಡಗಿದರು. 1773ರಲ್ಲಿ ಪೋಪರು ಜೆಸ್ವಿಟ್ ಸಂಘವನ್ನೇ ವಿಸರ್ಜಿಸಲಾಗಿ, ಮೈಸೂರು ಸೀಮೆಯ ಕ್ರೈಸ್ತರ ಹೊಣೆ ಪಾಂಡಿಚೇರಿಯ ಫ್ರೆಂಚ್ ಪಾದ್ರಿಗಳ ಪಾಲಿಗೆ ಬಂದಿತು.

ಕೂಡುಕುಟುಂಬದ ಮಗ ಬೇರೆ ಸಂಸಾರ ಹೂಡುವಂತೆ, 1850ರಲ್ಲಿ ಮೈಸೂರು ಸೀಮೆ ಪ್ರತ್ಯೇಕ ವಿಕಾರಿಯೇಟ್ ಆಯಿತು. ಎಂದರೆ, ಪೋಪರ ಪ್ರತಿನಿಧಿಯೊಬ್ಬರು ಅವರ ಹೆಸರಿನಲ್ಲಿ ನಡೆಸುವ ಪ್ರಾಂತ. ಅದರ ಮುಖ್ಯರು ಬಿಷಪ್ ಶಾರ್ಬೊನೊ. ಅವರ ಕಾಲದಲ್ಲಿ, 1855ರಲ್ಲಿ, ಬೆಂಗಳೂರಿನಲ್ಲಿ ಕನ್ನಡ-ಲ್ಯಾಟಿನ್ ನಿಘಂಟು ಅಚ್ಚಾಯಿತು. ಕಿಟ್ಟೆಲರ ನಿಘಂಟು ಬಂದುದು 1894ರಲ್ಲಿ; ಇದು ಅದಕ್ಕೂ ಸುಮಾರು ನಾಲ್ಕು ದಶಕ ಹಿರಿದು! ಪಾದ್ರಿಗಳು ಪರನಾಡಿನವರಾದರೂ ಜನರೊಡನೆ ಜನರ ಮಾತಿನಲ್ಲಿಯೇ ವ್ಯವಹರಿಸಬೇಕೆಂಬ ಅರಿವು ಅವರಿಗಿತ್ತು.

1886ರಲ್ಲಿ ಹದಿಮೂರನೆಯ ಲಿಯೋ ಪೋಪರು ಭಾರತದ ಧರ್ಮಪ್ರಾಂತ್ಯಗಳನ್ನು ವ್ಯವಸ್ಥೆಗೊಳಿಸಿದಾಗ ವಿಕಾರಿಯೇಟ್ ಪೂರ್ಣ ಧರ್ಮಪ್ರಾಂತ್ಯವಾಯಿತು. ಇಲ್ಲೊಂದು ವಿಚಿತ್ರ: ಹೆಸರು ಮೈಸೂರಿನದು, ಬಿಷಪರ ಪೀಠ ಬೆಂಗಳೂರಿನದು! 1940ರ ಫೆಬ್ರವರಿ 13ರಂದು ಎರಡೂ ಬೇರೆ ಬೇರೆ ಧರ್ಮಪ್ರಾಂತ್ಯಗಳಾಗಿ, ಬೆಂಗಳೂರಿಗೆ ಅದರದೇ ಹೆಸರು ದಕ್ಕಿತು. 1942ರಲ್ಲಿ ಥಾಮಸ್ ಪೋತಕಮೂರಿಯವರು ಆ ಪೀಠವನ್ನೇರಿದರು. ಫ್ರೆಂಚರ ತರುವಾಯ ಅಲ್ಲಿ ಕುಳಿತ ಮೊದಲ ಭಾರತೀಯರು ಅವರೇ. 1953ರ ಸೆಪ್ಟೆಂಬರ್ 19ರಂದು ಬೆಂಗಳೂರು ಮಹಾಧರ್ಮಪ್ರಾಂತ್ಯವಾಯಿತು. ಅವರು ಅದರ ಮೊದಲ ಆರ್ಚ್‌ಬಿಷಪ್ ಆದರು. ಹಿಂದೆ ಪಾಂಡಿಚೇರಿಯ ಅಧೀನದಲ್ಲಿದ್ದ ಸೀಮೆ ಈಗ ಸುತ್ತಲ ಧರ್ಮಪ್ರಾಂತ್ಯಗಳಿಗೆ ಹಿರಿಯಣ್ಣನಾಯಿತು.

ಪದವಿ ಹೀಗೆ ಏರಿತು. ಆದರೆ ಬಲಿಪೂಜೆಯ ಮಂತ್ರ ಆಗಲೂ ಲ್ಯಾಟಿನ್ನಿನಲ್ಲಿಯೇ. ಪ್ರಸಂಗವನ್ನು ಕನ್ನಡದಲ್ಲಿ ಕೇಳಿದ ರೈತ, ಪೂಜೆಯ ವೇಳೆಗೆ ಅರಿಯದ ನುಡಿಗೆ ಕೈಮುಗಿಯಬೇಕಾಗಿತ್ತು. 1963ರ ಡಿಸೆಂಬರಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಪೂಜೆಯಲ್ಲಿ ಜನರ ನುಡಿಗಳಿಗೆ ಅವಕಾಶವಿತ್ತಿತು. ಅನಂತರದ ವರ್ಷಗಳಲ್ಲಿ ಕನ್ನಡ ಬಲಿಪೀಠದ ಬಳಿಗೆ ಬಂದಿತು.

ಮೈಸೂರು ಸೀಮೆ ಮಹಾಪೀಠವನ್ನು ಪಡೆಯಲು ಮುನ್ನೂರು ವರ್ಷ ಹಿಡಿಯಿತು. ಚಿನ್ನಮಿಯವರು ಕಲಿತ ಕನ್ನಡ ಬಲಿಪೂಜೆಯ ನುಡಿಯಾಗಲು ಅದಕ್ಕಿಂತ ಇನ್ನೂ ಒಂದು ದಶಕ ಹೆಚ್ಚು. ಇವೆರಡರಲ್ಲಿ ದೊಡ್ಡ ಏರಿಕೆ ಯಾವುದೆಂಬುದನ್ನು ವಾಚಕರೇ ತೂಗಿ ನೋಡಲಿ.