ಗಾಯಾಳು ಯೋಧರಿಗೆ ಗಣ್ಯರ ಭೇಟಿ

ಯುದ್ಧಕಾಲದಲ್ಲಿ ಸೇನಾ ಆಸ್ಪತ್ರೆ ಸೇರಿದ ಸೈನಿಕರನ್ನು ಅರಸರು, ರಾಜಕೀಯ ನಾಯಕರು, ಕಲಾವಿದರು, ಸೇನಾನಿಗಳು ಕಂಡು ಮಾತನಾಡಿಸುವ ರೂಢಿ. ಗಾಯಾಳುಗಳಿಗೆ ಧೈರ್ಯ ತುಂಬುವುದು ಇದರ ಉದ್ದೇಶ. ಪ್ರಚಾರವೂ ಅದರೊಡನೆ ಬೆರೆತೇ ಬಂದಿದೆ.

ಹಿನ್ನೆಲೆ

ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಭಾರತೀಯ ಸಿಪಾಯಿಗಳಿಗಾಗಿ ಇಂಗ್ಲೆಂಡಿನ ಬ್ರೈಟನ್ ಅರಮನೆಯನ್ನೇ ಆಸ್ಪತ್ರೆಯಾಗಿ ಮಾರ್ಪಡಿಸಲಾಗಿತ್ತು. ಐದನೆಯ ಜಾರ್ಜ್ 1915ರ ಆಗಸ್ಟಿನಲ್ಲಿ ಅಲ್ಲಿಯೇ ಜಮಾದಾರ ಮೀರ್ ದಸ್ತ್‌ಗೆ ವಿಕ್ಟೋರಿಯಾ ಕ್ರಾಸ್ ಪ್ರದಾನ ಮಾಡಿದ. 1944ರಲ್ಲಿ ಗಾಯಕಿ ವೇರಾ ಲಿನ್ ಬರ್ಮಾ ರಣರಂಗಕ್ಕೆ ಬಂದು ಸೈನಿಕರೆದುರು ಹಾಡಿದರು, ಆಸ್ಪತ್ರೆಗಳಿಗೂ ಹೋದರು.

1965ರ ಯುದ್ಧ

ಟ್ಯಾಂಕ್ ಕಾಳಗದಲ್ಲಿ ಮೈ ಸುಟ್ಟುಕೊಂಡಿದ್ದ ಮೇಜರ್ ಭೂಪಿಂದರ್ ಸಿಂಗ್ ಅವರನ್ನು ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿ ದೆಹಲಿಯಲ್ಲಿ ಭೇಟಿಯಾದರು. ಎದ್ದುನಿಂತು ವಂದಿಸಲಾಗದ್ದಕ್ಕೆ ಮೇಜರ್ ಪರಿತಪಿಸಿದರೆಂಬ ಪ್ರಸಂಗ ಪ್ರಸಿದ್ಧ.

ಕನ್ನಡನಾಡಿಗೆ ಹತ್ತಿರದ ಪ್ರಸಂಗ ನಡೆದದ್ದು ಗಡಿಯಾಚೆ. ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕ ಕೆ. ಎಂ. ಕಾರ್ಯಪ್ಪ (1899–1993) ಹುಟ್ಟಿದ್ದು ಕೊಡಗಿನ ಸೋಮವಾರಪೇಟೆ ತಾಲ್ಲೂಕಿನ ಶನಿವಾರಸಂತೆಯಲ್ಲಿ. 1953ರಲ್ಲಿ ನಿವೃತ್ತರಾಗಿ, ಮುಂದೆ ಮಡಿಕೇರಿಯಲ್ಲಿ ನೆಲೆಸಿದರು. ಅವರ ಮಗ ಕೆ. ಸಿ. ಕಾರ್ಯಪ್ಪ (ನಂದಾ) ವಾಯುಪಡೆಯಲ್ಲಿದ್ದರು. ಕದನವಿರಾಮದ ಮುನ್ನಾದಿನ, ಸೆಪ್ಟೆಂಬರ್ 22ರಂದು, ಅವರ ಹಂಟರ್ ವಿಮಾನ ನೆಲದಿಂದ ಬಂದ ಗುಂಡಿಗೆ ಸಿಕ್ಕಿತು. ಹೊರಜಿಗಿದಾಗ ಬೆನ್ನುಮೂಳೆಗೆ ಪೆಟ್ಟಾಗಿ ಪಾಕಿಸ್ತಾನದ ಕೈಗೆ ಸೆರೆಸಿಕ್ಕರು.

ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ದೇಶವಿಭಜನೆಗೆ ಮುಂಚೆ ಕಾರ್ಯಪ್ಪನವರ ಕೈಕೆಳಗೆ ದುಡಿದವರು. ಹುಡುಗ ಕ್ಷೇಮವಾಗಿರುವ ಸುದ್ದಿ ಮುಟ್ಟಿಸಿ, ಬಿಡುಗಡೆ ಮಾಡಲು ಅವರು ಮುಂದಾದರೆನ್ನಲಾಗಿದೆ. ಸೆರೆಯಲ್ಲಿರುವವರೆಲ್ಲರೂ ತಮ್ಮ ಮಕ್ಕಳೇ, ಒಬ್ಬನಿಗೆ ವಿಶೇಷ ಬೇಡ ಎಂಬುದು ತಂದೆಯ ಉತ್ತರ. ಅಯೂಬರ ಪತ್ನಿ ಮತ್ತು ಹಿರಿಯ ಮಗ ಆಸ್ಪತ್ರೆಗೆ ಬಂದು ನಂದಾ ಅವರಿಗೆ ಸ್ಟೇಟ್ ಎಕ್ಸ್‌ಪ್ರೆಸ್ ಸಿಗರೇಟು, ವುಡ್‌ಹೌಸ್ ಕಾದಂಬರಿಯೊಂದನ್ನು ಕೊಟ್ಟುಹೋದರು. ಈ ವಿವರಗಳಿಗೆ ಮುಖ್ಯ ಆಧಾರ ಮಗನ ನೆನಪುಗಳೇ; ಮಾತುಗಳ ಪಾಠ ಒಂದೊಂದು ಕಡೆ ಒಂದೊಂದು ರೀತಿ ಇದೆ. ಬಂದವರನ್ನು ಆಸ್ಪತ್ರೆಗೆ ಕರೆತಂದದ್ದು ಖ್ಯಾತಿಯಲ್ಲ, ಒಂದೇ ಸೇನೆಯಲ್ಲಿದ್ದ ಹಳೆಯ ನಂಟು ಎನ್ನುವುದು ಇಲ್ಲಿನ ವೈಶಿಷ್ಟ್ಯ. ನಂದಾ 1966ರಲ್ಲಿ ಬಿಡುಗಡೆಯಾದರು. ಏರ್ ಮಾರ್ಷಲ್ ಹುದ್ದೆಗೇರಿ ತಂದೆಯ ಜೀವನಚರಿತ್ರೆ ಬರೆದರು.

ನಿಯಮ

ಗಾಯಾಳು ಶತ್ರುವಿನ ವಶದಲ್ಲಿದ್ದರೆ 1949ರ ಮೂರನೆಯ ಜಿನೀವಾ ಒಪ್ಪಂದ ಅನ್ವಯಿಸುತ್ತದೆ. ಅದರ 13ನೆಯ ವಿಧಿಯಂತೆ ಯುದ್ಧಕೈದಿಯನ್ನು ಹಿಂಸೆಯಿಂದ ಮಾತ್ರವಲ್ಲ, ಅವಮಾನದಿಂದಲೂ ಜನರ ಕುತೂಹಲದಿಂದಲೂ ಕಾಪಾಡಬೇಕು. ಆದ್ದರಿಂದ ಅಂಥವರನ್ನು ಕಾಣಬರುವುದಕ್ಕಿಂತ, ಜೊತೆಗೆ ಕ್ಯಾಮೆರಾ ತರುವುದು ಹೆಚ್ಚು ಸೂಕ್ಷ್ಮದ ಸಂಗತಿ.

ಚಿತ್ರತಾರೆಯರು

ಸುನಿಲ್ ದತ್, ನರ್ಗಿಸ್ ದಂಪತಿಯ ಅಜಂತಾ ಆರ್ಟ್ಸ್ ತಂಡ ಗಡಿಠಾಣೆಗಳಲ್ಲಿ ಸೈನಿಕರಿಗಾಗಿ ಕಾರ್ಯಕ್ರಮ ನೀಡಿತು. ‘ಪ್ರಹಾರ್’ (1991) ಚಿತ್ರಕ್ಕಾಗಿ, ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫೆಂಟ್ರಿಯೊಡನೆ ತರಬೇತಿ ಪಡೆದಿದ್ದ ನಾನಾ ಪಾಟೇಕರ್ 1999ರ ಕಾರ್ಗಿಲ್ ಯುದ್ಧದ ವೇಳೆ ಕಾಶ್ಮೀರಕ್ಕೆ ಹೋದರು. ಶ್ರೀನಗರದ ಸೇನಾ ಆಸ್ಪತ್ರೆಯಲ್ಲೂ ಕೆಲಸ ಮಾಡಿದ್ದಾಗಿ ಹೇಳಿಕೊಂಡಿದ್ದಾರೆ.